ಅಪ್ಪನ ಕುಡಿತ ಬಿಡಿಸಿದ ಕೇಸ್ ಸ್ಟಡಿ

ಕೈಯಲ್ಲಿ ಫೈಲು ಹಿಡಿದ ಯಾರೇ ನಮ್ಮ ಮನೆಯ ಗೇಟು ತೆಗೆದರೂ ಅವ್ವ ಒಳಗಿನಿಂದಲೇ ಕೂಗಿ ಹೇಳುತ್ತಾಳೆ: "ನಮ್ಮನೇಲಿ ಏನೂ ಸಮಸ್ಯೆ ಇಲ್ಲಪ್ಪಾ. ಮುಂದಿನ ಮನೆಗೆ ಹೋಗ್ರಿ." ಜನಗಣತಿಗೆ ಬಂದ ಮೇಷ್ಟ್ರಿಗೂ ಇದೇ ಮಾತು, ಪೋಲಿಯೋ ಹನಿಯ ವಿವರ ಬರೆಯುವ ಅಂಗನವಾಡಿ ಟೀಚರಿಗೂ ಇದೇ ಮಾತು. ಕರೆಂಟಿನ ಮೀಟರು ನೋಡುವವನು ಒಮ್ಮೆ "ನಾನು ಸಮಸ್ಯೆ ಕೇಳಾಕೆ ಬಂದಿಲ್ಲಮ್ಮ, ಬಿಲ್ಲು ಕೊಡಾಕೆ ಬಂದೀನಿ" ಎಂದು ಬೇಡಿಕೊಂಡ ಮೇಲೆ ಅವನೊಬ್ಬನಿಗೆ ವಿನಾಯಿತಿ ಸಿಕ್ಕಿದೆ. ಹೊಸದಾಗಿ ಬೀದಿಗೆ ಬಂದವರು ಅವ್ವನನ್ನು ಜಂಬದವಳು ಅಂದುಕೊಳ್ಳುತ್ತಾರೆ. ಎಲ್ಲರಿಗೂ ಏನಾದರೊಂದು ತಾಪತ್ರಯ ಇರುವ ಊರಿನಲ್ಲಿ ಈಕೆಯೊಬ್ಬಳು ನಮಗೇನೂ ಇಲ್ಲ ಎಂದು ಸಾರಿಕೊಂಡರೆ ಅವರು ಮತ್ತೇನು ಅಂದುಕೊಂಡಾರು. ನೀವೂ ಎಂದಾದರೂ ಚಳ್ಳಕೆರೆಗೆ ಬಂದು ನಮ್ಮ ಮನೆ ಹುಡುಕಿದರೆ, ದಯವಿಟ್ಟು ಫೈಲನ್ನು ಬಸ್ ಸ್ಟ್ಯಾಂಡಿನಲ್ಲೇ ಯಾವುದಾದರೂ ಅಂಗಡಿಯಲ್ಲಿಟ್ಟು ಬನ್ನಿ.

ಅವ್ವನ ಈ ಅಭ್ಯಾಸಕ್ಕೆ ಕಾರಣ ನನ್ನ ಉನ್ನತ ಶಿಕ್ಷಣ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದುರ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೆ. ನಮ್ಮ ಕಡೆ ಅಷ್ಟು ಓದಿದವರು ಯಾರೂ ಇರಲಿಲ್ಲ. ಅಷ್ಟು ಓದಿ ಏನಾಗುತ್ತಾರೆ ಎಂದು ಕೇಳಿದರೆ ಹೇಳಬಲ್ಲವರೂ ಇರಲಿಲ್ಲ. ಅಪ್ಪ ತಿಪ್ಪೇಸ್ವಾಮಿ ಚಳ್ಳಕೆರೆಯ ಮಂಡಿಯಲ್ಲಿ ಹಮಾಲಿ. ಕಡ್ಲೆಕಾಯಿ ಮೂಟೆಗಳನ್ನು ಲಾರಿಯಿಂದ ಇಳಿಸುವುದು, ಎಣ್ಣೆ ಮಿಲ್ಲಿನ ಗೋಡೌನಿಗೆ ಹೊರುವುದು ಅವನ ಕೆಲಸ. ಸಂಜೆ ಮನೆಗೆ ಬರುವಾಗ ಅವನ ಹುಬ್ಬು, ರೆಪ್ಪೆ, ಕಿವಿಯ ಸಂದಿಗಳಲ್ಲೆಲ್ಲ ಕೆಂಪು ಧೂಳು. ನಾನು ಚಿಕ್ಕವಳಿದ್ದಾಗ ಅವನ ಬನಿಯನ್ ಕೊಡವಿದರೆ ಒಂದೆರಡು ಕಡ್ಲೆಬೀಜ ಉದುರುತ್ತಿದ್ದವು. ಕಡ್ಲೆಕಾಯಿ ಬೆಳೆಯುವುದೇ ಅಪ್ಪನ ಮೈಮೇಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇಂಥ ಸೂಕ್ಷ್ಮ ವೀಕ್ಷಣೆಯವಳು ಮುಂದೆ ಸಮಾಜವನ್ನೇ ಅಧ್ಯಯನ ಮಾಡಲು ಹೊರಟಿದ್ದು ಸಹಜವೇ ಆಗಿತ್ತು.

ಓದಿನ ಮುಖ್ಯ ಭಾಗ ಕೇಸ್ ಸ್ಟಡಿ ಬರೆಯುವುದು. ಒಂದು ಕುಟುಂಬವನ್ನು ಆರಿಸಿಕೊಳ್ಳಬೇಕು, ಅವರ ಮನೆಗೆ ಹೋಗಬೇಕು, ಸಮಸ್ಯೆ ಕಂಡುಹಿಡಿಯಬೇಕು, ಅದಕ್ಕೆ ಕಾರಣ ಹುಡುಕಬೇಕು, ಪರಿಹಾರ ಸೂಚಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಬೇಕು. ನಮ್ಮ ಬೀದಿಯಲ್ಲಿ ಕೇಸು ಎಂದರೆ ಒಂದೋ ಪೊಲೀಸ್ ಠಾಣೆಯದು, ಇಲ್ಲವೇ ಆಸ್ಪತ್ರೆಯದು. "ಕೇಸ್ ಓದಾಕೆ ದುರ್ಗಕ್ಕೆ ಯಾಕೆ ಹೋಗ್ಬೇಕು, ಇಲ್ಲೇ ಸ್ಟೇಷನ್ ಐತಲ್ಲ" ಎಂದು ಅವ್ವ ಕೇಳಿದ್ದಳು. ನಾನು ಅವಳ ಅಜ್ಞಾನಕ್ಕೆ ಮರುಗಿದ್ದೆ. ಆಗ ತಾನೇ ಮರುಗುವುದನ್ನು ಕಲಿತಿದ್ದೆ. ಮೊದಲ ಸೆಮಿಸ್ಟರಿನ ಪಾಠವೇ ಅದು.

ಕೇಸ್ ಸ್ಟಡಿ ಬರೆಯಲು ಎಲ್ಲರೂ ಜನರ ಮನೆಗೆ ಹೋಗುತ್ತಿದ್ದರು ಎಂದು ತಿಳಿಯಬೇಡಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದರು. ಹಿಂದಿನ ಬ್ಯಾಚುಗಳ ಕೇಸ್ ಸ್ಟಡಿಗಳೆಲ್ಲ ಅಲ್ಲಿ ಸಿಗುತ್ತಿದ್ದವು. ಶ್ರೀಮತಿ ಲಕ್ಷ್ಮಮ್ಮ ಎಂಬ ವಿಧವೆಯೊಬ್ಬಳು ವರ್ಷದಿಂದ ವರ್ಷಕ್ಕೆ ಅದೇ ವಯಸ್ಸಿನಲ್ಲಿ, ಅದೇ ಸಂಕಟದಲ್ಲಿ ಬದುಕಿಕೊಂಡು ಬಂದಿದ್ದಳು. ಯಾರೋ ಒಬ್ಬ ಕರುಣಾಳು 'ಪರಿಹಾರ' ಎಂಬ ಭಾಗದಲ್ಲಿ ಅವಳಿಗೆ ಮರುಮದುವೆ ಮಾಡಿಸಿದ್ದನಂತೆ. ಮರುವರ್ಷ ಪಾಪ ಆಕೆ ಮತ್ತೆ ವಿಧವೆ. ನಮ್ಮ ಮಾರ್ಗದರ್ಶಕ ಮೇಷ್ಟ್ರಿಗೆ ಕೊನೆಗೊಮ್ಮೆ ಲಕ್ಷ್ಮಮ್ಮನ ಮೇಲೆ ಬೇಸರ ಬಂತು. ನಮ್ಮ ಬ್ಯಾಚಿಗೆ ಹೊಸ ನಿಯಮ ತಂದರು. ನಿಜವಾದ ಮನೆಗೇ ಹೋಗಬೇಕು, ಸ್ವಂತ ಮನೆ ಆಗಬಾರದು. ಒಳಗೆ ಎಲ್ಲರ ಹೆಸರು ಬದಲಿಸಿ ಗುಟ್ಟು ಕಾಪಾಡಬೇಕು. ಹೋಗಿದ್ದಕ್ಕೆ ಪುರಾವೆಯಾಗಿ ಕೊನೆಯ ಪುಟದಲ್ಲಿ ಅವರ ನಿಜವಾದ ಹೆಸರು, ವಿಳಾಸ, ಸಹಿ ಹಾಕಿಸಬೇಕು. ಈ ಗುಟ್ಟಿನ ಬಗ್ಗೆ ನಮಗ್ಯಾರಿಗೂ ಅನುಮಾನ ಬರಲಿಲ್ಲ.

ನನ್ನ ಹಾಸ್ಟೆಲ್ ರೂಮಿನ ಗೆಳತಿ ಪದ್ಮ ಮೊಳಕಾಲ್ಮೂರಿನವಳು. ಮನೆಯಲ್ಲಿ ಮಗ್ಗ, ರೇಷ್ಮೆ ಸೀರೆ, ಮಾತೆಲ್ಲ ತೆಲುಗು. ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಡುತ್ತಿದ್ದೆವು. ನಾನು ಚಳ್ಳಕೆರೆಯಲ್ಲಿ ಇಳಿದರೆ ಅವಳು ಮುಂದಕ್ಕೆ ಹೋಗುತ್ತಿದ್ದಳು. ಹಾಗೊಂದು ಶನಿವಾರ ಅವಳೇ ಉಪಾಯ ಹೇಳಿದಳು.

"ನೀನು ನಮ್ಮನೆ ಬರಿ, ನಾನು ನಿಮ್ಮನೆ ಬರೀತೀನಿ. ಊಟಾನೂ ಆಗ್ತೈತೆ."

ಮೊದಲು ಅವಳು ನಮ್ಮ ಮನೆಗೆ ಬಂದಳು. ಅವ್ವ ರೊಟ್ಟಿ, ಕಡ್ಲೆಕಾಯಿ ಚಟ್ನಿ ಮಾಡಿದಳು. ಪದ್ಮ ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡು, ಆಮೇಲೆ ಬಾಯೊರೆಸಿಕೊಂಡು ನಮ್ಮ ಪೌಷ್ಟಿಕತೆಯ ಬಗ್ಗೆ ಬರೆದುಕೊಂಡಳು. ಅಪ್ಪ ಕೊನೆಯ ಪುಟದಲ್ಲಿ ನಿಧಾನವಾಗಿ ಸಹಿ ಮಾಡಿಕೊಟ್ಟ. ಮುಂದಿನ ವಾರ ನಾನು ಮೊಳಕಾಲ್ಮೂರಿಗೆ ಹೋದೆ. ಪದ್ಮಳ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲೇ ಎಲ್ಲದಕ್ಕೂ ಉತ್ತರ ಹೇಳಿದರು. ಮೂಲೆಯಲ್ಲಿ ಒಂದು ಮುದುಕಿ. ಎಲ್ಲರೂ ಆಕೆಯನ್ನು ಅವ್ವ ಎನ್ನುತ್ತಿದ್ದುದರಿಂದ ಪದ್ಮಳ ತಾಯಿ ಎಂದು ಬರೆದುಕೊಂಡೆ. ನಮ್ಮಲ್ಲಿ ಅವ್ವ ಎಂದರೆ ತಾಯಿ, ಅವರ ತೆಲುಗಿನಲ್ಲಿ ಅಜ್ಜಿ ಎಂಬುದು ಪದ್ಮಳ ನಿಜವಾದ ತಾಯಿ ಕಾಫಿ ಹಿಡಿದು ಬಂದಾಗ ಗೊತ್ತಾಯಿತು. ನಿಮ್ಮ ಸಮಸ್ಯೆ ಏನು ಎಂದು ಪದ್ಮಳಿಂದ ಕೇಳಿಸಿದ್ದಕ್ಕೆ ಮುದುಕಿ "ಮೋಕಾಳ್ಳ ನೊಪ್ಪಿ" ಎಂದು ಮಂಡಿ ತೋರಿಸಿತು.

ಇಬ್ಬರ ಬರಹಗಳೂ ವಾಪಸ್ ಬಂದವು. ಎರಡರ ಮೇಲೂ ಕೆಂಪು ಶಾಯಿಯಲ್ಲಿ 'ಸಮಸ್ಯೆ ಎಲ್ಲಿ?' ಎಂದಿತ್ತು.

"ಮಂಡಿ ನೋವು ವೈದ್ಯಕೀಯ ಸಮಸ್ಯೆ, ಸಾಮಾಜಿಕ ಅಲ್ಲ" ಎಂದರು ಮೇಷ್ಟ್ರು ನನಗೆ. ಪದ್ಮಳಿಗೆ, "ಹಮಾಲಿ ಕುಟುಂಬ, ಎಲ್ಲರೂ ಸುಖವಾಗಿದ್ದಾರೆ ಅಂತ ಬರೆದಿದ್ದೀರಲ್ಲ, ಇದು ಕೇಸ್ ಸ್ಟಡಿನೋ, ನೆಂಟರ ಮನೆಗೆ ಹೋಗಿ ಬಂದ ಕಥೆನೋ? ಸಮಸ್ಯೆ ಇಲ್ಲದ ಕುಟುಂಬವೇ ಇಲ್ಲ. ಕಣ್ಣು ಬೇಕು."

ಆ ಶನಿವಾರ ಬಸ್ಸಿನಲ್ಲಿ ನಾವು ಒಬ್ಬರಿಗೊಬ್ಬರು ಸಮಸ್ಯೆ ಹಂಚಿಕೊಂಡೆವು. ಅವಳ ಅಜ್ಜಿಗೆ 'ಅವಿಭಕ್ತ ಕುಟುಂಬದಲ್ಲಿ ವೃದ್ಧರ ಒಂಟಿತನ' ಕೊಟ್ಟೆ. ನಮ್ಮ ಮನೆಗೆ ಏನು ಕೊಡುವುದೆಂದು ಪದ್ಮ ಬಹಳ ಯೋಚಿಸಿದಳು. ವರದಕ್ಷಿಣೆ ಎನ್ನಲು ಸೊಸೆ ಇಲ್ಲ. ಬಾಲಕಾರ್ಮಿಕತನ ಎನ್ನಲು ನನ್ನ ತಮ್ಮ ಕಾಲೇಜಿಗೇ ಸರಿಯಾಗಿ ಹೋಗದವನು, ಕೆಲಸಕ್ಕೆ ಎಲ್ಲಿಂದ ಹೋದಾನು.

"ಕುಡಿತ ಹಾಕ್ಲಾ?" ಎಂದಳು.

"ನಮ್ಮಪ್ಪ ಕುಡಿಯಲ್ಲ ಕಣೇ."

"ಗೊತ್ತು. ಯಾರು ಓದ್ತಾರೆ?"

ಯಾರೂ ಓದುವುದಿಲ್ಲ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಪೂರ್ಣ ನಂಬಿಕೆಯಿತ್ತು. ಹಾಕು ಎಂದೆ.

ಪದ್ಮ ಬರೆದದ್ದನ್ನು ಆಮೇಲೆ ಓದಿ ನಾನೇ ಬೆರಗಾದೆ. ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. 'ಸಂಜೆ ಮನೆಗೆ ಬರುವಾಗ ಇವರ ಕಣ್ಣು ಕೆಂಪಾಗಿರುತ್ತದೆ' ಎಂದಿತ್ತು. ಮಂಡಿಯ ಧೂಳಿಗೆ ಕೆಂಪಾಗಿರುವುದು ನಿಜ. 'ನಡಿಗೆಯಲ್ಲಿ ಓಲಾಟವಿದೆ' ಎಂದಿತ್ತು. ದಿನವಿಡೀ ಮೂಟೆ ಹೊತ್ತವನು ಸಂಜೆ ಮೆರವಣಿಗೆ ಹೊರಟವನಂತೆ ನಡೆಯುತ್ತಾನೆಯೇ. 'ಪತ್ನಿ ಪ್ರತಿ ಸಂಜೆ ಏರುದನಿಯಲ್ಲಿ ಮಾತಾಡುತ್ತಾರೆ' ಎಂದಿತ್ತು. ಅವ್ವ ದೇವರಿಗೆ ಕೈಮುಗಿಯುವಾಗಲೂ ಏರುದನಿಯಲ್ಲೇ ಮಾತಾಡುವುದು. 'ಊಟವಾದ ಕೂಡಲೇ ಕೂತಲ್ಲೇ ನಿದ್ದೆಗೆ ಜಾರುತ್ತಾರೆ.' ಎಲ್ಲವೂ ನಿಜ. ಕಾರಣ ಎಂಬ ಜಾಗದಲ್ಲಿ ಮಾತ್ರ ಕುಡಿತ. ಪದ್ಮಳಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ನನ್ನ ಒಂಟಿ ಅಜ್ಜಿ ಪಾಸಾದಳು, ಅಷ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವರ್ಷ ಮೇಷ್ಟ್ರಿಗೆ ವಿದ್ಯೆಯನ್ನು ಸಮಾಜಕ್ಕೆ ತಲುಪಿಸಬೇಕೆಂಬ ಹುಮ್ಮಸ್ಸು ಬಂದಿತ್ತು. ಮೊಳಕಾಲ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ಯಾರೋ ಒಂದು ವಾರದ ಮದ್ಯವರ್ಜನ ಶಿಬಿರ ನಡೆಸುವವರಿದ್ದರು. ಅವರಿಗೆ ಶಿಬಿರಾರ್ಥಿಗಳು ಬೇಕಿತ್ತು. ಮೇಷ್ಟ್ರು ಕೇಸ್ ಸ್ಟಡಿಗಳ ಕೊನೆಯ ಪುಟಗಳನ್ನು ಕೊಟ್ಟುಬಿಟ್ಟರು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಜೀಪು ಬಂತು. ಫೈಲು ಹಿಡಿದ ಇಬ್ಬರು ಇಳಿದರು. ಅವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ತಿಪ್ಪೇಸ್ವಾಮಿಯವರ ಮನೆ ಇದೇನಾ ಅಮ್ಮ? ಅವರ ಕುಡಿತ ಬಿಡಿಸೋಕೆ ಬಂದಿದ್ದೀವಿ."

"ಏನು ಕುಡಿಯೋದು? ಟೀನಾ?"

ಫೈಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೊದಲು ಎಲ್ಲ ಹೆಂಗಸರೂ ಹೀಗೇ ಮುಚ್ಚಿಡ್ತಾರಮ್ಮ. ಹೆದರಬೇಡಿ."

ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ಬಂದು ನಿಂತ. "ನಾ ಕುಡಿಯಲ್ಲ ಸಾರ್."

"ಎಲ್ಲರೂ ಹಾಗೇ ಅಂತಾರೆ. ಇಲ್ಲ ಅನ್ನೋದೇ ಈ ಕಾಯಿಲೆಯ ಮೊದಲ ಲಕ್ಷಣ."

"ಸತ್ಯವಾಗ್ಲೂ ಇಲ್ಲ ಸಾರ್."

"ನೋಡಿ, ಜಾಸ್ತಿ ಆಗಿದೆ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

ಅಷ್ಟರಲ್ಲಿ ಇಡೀ ಬೀದಿ ಜೀಪಿನ ಸುತ್ತ ನೆರೆದಿತ್ತು. ನಾನು ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದೆ. ಈಗಲೇ ಹೇಳಬೇಕು ಎಂದು ಬಾಯಿ ತೆರೆದೆ. "ಸಾರ್, ಅದು ಅಸೈನ್‌ಮೆಂಟಿಗೆ ಸುಮ್ನೆ ಬರೆದಿದ್ದು" ಎಂದೆ. ಅವರು ನನ್ನ ಕಡೆ ತುಂಬ ಮರುಕದಿಂದ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಮೊದಲ ಸೆಮಿಸ್ಟರಿನದು. "ಮಕ್ಕಳಿಗೆ ಮಾನದ ಪ್ರಶ್ನೆ ಇರುತ್ತೆ, ನಾವು ಅರ್ಥ ಮಾಡ್ಕೋತೀವಿ" ಎಂದರು.

ಅಪ್ಪ ಆ ಫೈಲನ್ನು ತೋರಿಸಲು ಹೇಳಿ ತನ್ನ ಸಹಿ ನೋಡಿಕೊಂಡ. "ಇದು ಚಟ್ನಿ ಹುಡುಗಿ ಬರ್ಕೊಂಡು ಹೋಗಿದ್ದಲ್ವಾ" ಎಂದು ನನ್ನನ್ನು ಕೇಳಿದ. ನಾನು ಹೌದೆಂದೆ. ಫೈಲು ಮುಚ್ಚಿ ಅವರತ್ತ ತಿರುಗಿದ.

"ನಾ ಬರಲ್ಲ ಅಂದ್ರೆ ಆ ಹುಡುಗಿಗೆ ಏನಾಗ್ತದೆ?"

"ಬರೆದಿದ್ದು ಸುಳ್ಳು ಅಂತ ಆಗುತ್ತೆ. ಪಾಸು ಮಾಡೋದು ಕಷ್ಟ."

"ಊಟ ಐತಾ ಅಲ್ಲಿ?"

"ಮೂರು ಹೊತ್ತೂ."

ಅಪ್ಪ ಒಳಗೆ ಹೋಗಿ ಟವೆಲು, ಒಂದು ಜೊತೆ ಬಟ್ಟೆ ತಂದ. ಅವ್ವ ದಾರಿಗೆ ಅಡ್ಡ ನಿಂತಳು. "ಹೋದ್ರೆ ಕುಡುಕ ಅಂತ ಒಪ್ಕಂಡಂಗೆ ಆಗ್ತೈತೆ. ಹೋಗ್ಬ್ಯಾಡ." "ಒಂದು ವಾರ ತಾನೇ, ಬರ್ತೀನಿ" ಎಂದು ಅವನು ಜೀಪು ಹತ್ತಿದ. ಆ ಹುಡುಗಿಯ ಮೇಲಿನ ಕನಿಕರಕ್ಕೆ ಹತ್ತಿದನೋ, ಮೂಟೆಯಿಲ್ಲದ ಒಂದು ವಾರದ ಆಸೆಗೆ ಹತ್ತಿದನೋ, ನಾನು ಇವತ್ತಿಗೂ ನಿರ್ಧರಿಸಲಾರೆ. ಕಾರಣ ಹುಡುಕುವ ಕೆಲಸ ನನಗೆ ಅಂದಿಗೇ ಸಾಕಾಗಿದೆ.

ಆ ವಾರ ನಾನು ಹಾಸ್ಟೆಲ್ಲಿಗೆ ಹೋಗದೆ ಮನೆಯಲ್ಲೇ ಉಳಿದೆ. ಬೀದಿಯವರೆಲ್ಲ ಕೇಸ್ ಸ್ಟಡಿ ಬರೆದರು. ಕಾಗದ ಮಾತ್ರ ಇರಲಿಲ್ಲ. ಅಪ್ಪನ ಕಣ್ಣು ಕೆಂಪಿರುತ್ತಿದ್ದದ್ದು ಎದುರು ಮನೆಯವರಿಗೆ ನೆನಪಾಯಿತು. "ಅದುಕ್ಕೇ ನಾ ಟೀ ಕೊಟ್ರೆ ಬ್ಯಾಡ ಅಂತಿದ್ದ" ಎಂದು ಮಂಡಿಯ ಚಹದಂಗಡಿಯವನು ತಲೆದೂಗಿದ. ಪಕ್ಕದ ಮನೆಯಾಕೆ ಬಂದು ಅವ್ವನ ಕೈ ಹಿಡಿದು, "ಇಷ್ಟು ವರ್ಷ ಹೆಂಗೆ ಸಹಿಸ್ಕಂಡ್ಯೇ ಓಬಕ್ಕಾ, ಒಂದು ದಿನ ಬಾಯಿ ಬಿಡ್ಲಿಲ್ವಲ್ಲೇ" ಎಂದು ಕಣ್ಣೀರು ಹಾಕಿದಳು. ಅವ್ವ ಅವಳನ್ನು ಎಬ್ಬಿಸಿ ಬಾಗಿಲವರೆಗೆ ಬಿಟ್ಟುಬಂದು, ನನ್ನ ಮುಂದೆ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ನಿಮ್ಮ ಕಾಲೇಜಿನಾಗೆ ಇದನ್ನ ಕಲಿಸಾಕೆ ಸಂಬಳ ಕೊಡ್ತಾರಾ?" ಎಂದು ಮಾತ್ರ ಕೇಳಿದಳು. ಅದೂ ಮೆಲ್ಲನೆಯ ದನಿಯಲ್ಲಿ. ನನಗೆ ನಿಜವಾಗಿ ಭಯವಾಗಿದ್ದು ಆಗ.

ಶಿಬಿರದಲ್ಲಿ ಅಪ್ಪ ಬೇಗನೆ ಹೆಸರು ಮಾಡಿದ. ಇದನ್ನೆಲ್ಲ ಆಮೇಲೆ ಹೇಳಿದ್ದು ಪದ್ಮ. ಅವಳ ಮನೆ ಮಂಟಪಕ್ಕೆ ಹತ್ತಿರವೇ ಇತ್ತು. ನಾಚಿಕೆಯಿಂದ ಅವಳು ಒಳಗೆ ಹೋಗದಿದ್ದರೂ ಅವಳ ಅಪ್ಪ ದಿನವೂ ಹೋಗಿ ನಮ್ಮ ಅಪ್ಪನಿಗೆ ಎಲೆಯಡಿಕೆ ಕೊಟ್ಟು ಬರುತ್ತಿದ್ದರು. ಕುಡಿತ ನಿಲ್ಲಿಸಿದವರಿಗೆ ಮೊದಲ ದಿನಗಳಲ್ಲಿ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ವೈದ್ಯರು ಮುಂಚೆಯೇ ಹೇಳಿದ್ದರು. ಅಪ್ಪನ ಕೈ ಗೋಡೆಯಂತೆ ನಿಂತಿತ್ತು. ಕೂತಲ್ಲೇ ನಿದ್ದೆ ಮಾಡಿದ. ಇನ್ನೊಂದು ಮುದ್ದೆ ಕೇಳಿದ. ವೈದ್ಯರು ಅವನನ್ನು ವೇದಿಕೆಗೆ ಕರೆದು ಎರಡೂ ಕೈ ಚಾಚಿಸಿ, "ಮನಸ್ಸು ಗಟ್ಟಿ ಇದ್ದರೆ ಹೀಗೆ" ಎಂದು ಉಳಿದವರಿಗೆ ತೋರಿಸಿದರಂತೆ. ಬೆಳಿಗ್ಗೆ ವ್ಯಾಯಾಮದ ಹೊತ್ತಿಗೆ ಎಲ್ಲರೂ ಏದುಸಿರು ಬಿಡುತ್ತಿದ್ದರೆ, ಮೂಟೆಯಿಲ್ಲದೆ ಬರೀ ಕೈ ಎತ್ತಿಳಿಸುವುದರ ಅರ್ಥವೇನೆಂದು ಅಪ್ಪ ಕೇಳಿದನಂತೆ. ಹಾನಗಲ್ಲಿನ ಟೈಲರ್ ಒಬ್ಬನ ಜತೆ ಅವನಿಗೆ ಗೆಳೆತನವಾಗಿತ್ತು. ಟೈಲರ್ ನಿಜವಾದ ಕುಡುಕ, ಬಹಳ ಒಳ್ಳೆಯವನಂತೆ.

ಕೊನೆಯ ದಿನ ಮನೆಯವರೆಲ್ಲ ಬರಬೇಕೆಂದು ಕರೆ ಬಂತು. ಅವ್ವ ಬರುವುದಿಲ್ಲ ಎನ್ನುತ್ತಲೇ ಹೊಸ ಸೀರೆ ಉಟ್ಟಳು. ಮಂಟಪದ ಬಾಗಿಲಲ್ಲಿ ಪದ್ಮ ಕಾಯುತ್ತಿದ್ದಳು. ಅವ್ವನನ್ನು ಕಂಡದ್ದೇ ಅಳಲು ಶುರುಮಾಡಿದಳು.

"ಅಳಬ್ಯಾಡ" ಎಂದಳು ಅವ್ವ. "ಉಂಡಿದ್ದಾದ್ರೂ ಬರೆದಿದ್ಯೋ ಇಲ್ವೋ?"

ಪದ್ಮ ಇನ್ನೂ ಜೋರಾಗಿ ಅತ್ತಳು. 'ಪೌಷ್ಟಿಕ ಆಹಾರದ ಕೊರತೆ' ಎಂದು ಬರೆದಿದ್ದಳು.

ವೇದಿಕೆಯ ಮೇಲೆ ದೊಡ್ಡ ದೀಪ. ಗಣ್ಯರು ಮಾತಾಡಿದರು. ಆಮೇಲೆ ಒಬ್ಬೊಬ್ಬರೇ ಬಂದು ದೀಪದ ಮುಂದೆ ಕೈ ಚಾಚಿ 'ಕುಡಿತ ಬಿಟ್ಟಿದ್ದೇನೆ' ಎಂದು ಆಣೆ ಮಾಡಬೇಕು. ಕೆಲವರ ದನಿ ಕೇಳಿಸಲೇ ಇಲ್ಲ. ಟೈಲರ್ ದೀಪ ನೋಡದೆ ಬಾಗಿಲು ನೋಡುತ್ತಾ ಹೇಳಿದ. ಅಪ್ಪನ ಸರದಿ ಬಂದಾಗ ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು. ಅಪ್ಪ ಜೀವಮಾನದಲ್ಲಿ ದೇವರ ಮುಂದೆ ಸುಳ್ಳು ಹೇಳಿದವನಲ್ಲ. ಮಂಡಿಯಲ್ಲಿ ಯಾರಾದರೂ ಸುಳ್ಳು ಆಣೆ ಇಟ್ಟರೆ ಎದ್ದು ಆಚೆ ಹೋಗುವ ಮನುಷ್ಯ. ಈಗ ಇಷ್ಟು ಜನರೆದುರು ನಿಜ ಹೇಳಿಬಿಟ್ಟರೆ ಪದ್ಮಳ ಪದವಿ ಹೋಯಿತು, ಮೇಷ್ಟ್ರ ಮಾನ ಹೋಯಿತು, ಜತೆಗೆ ನಾನೂ ಹೋದೆ.

ಅಪ್ಪ ಕೈ ಚಾಚಿದ. "ನಾನು ಕುಡಿಯೋದು ಬಿಟ್ಟೀನಿ. ಇನ್ಮ್ಯಾಲೆ ಕುಡಿಯಲ್ಲ" ಎಂದ. ದನಿ ಸ್ಪಷ್ಟವಾಗಿತ್ತು. ಮಂಟಪ ಪೂರ್ತಿ ಚಪ್ಪಾಳೆ. ಅವನಿಗೆ ಹಾಕಿದ ಸೇವಂತಿಗೆ ಹಾರ ಎಲ್ಲರಿಗಿಂತ ದೊಡ್ಡದು. ಮೇಷ್ಟ್ರು ಬಂದು ನನ್ನ ಬೆನ್ನು ತಟ್ಟಿ, "ನೋಡಿದ್ಯಾ, ಕೇಸ್ ಸ್ಟಡಿಯ ಶಕ್ತಿ" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ, ಅಪ್ಪ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ, ಹಿಂದಿನ ಸೀಟಿನಲ್ಲಿ ನಾನು. ದಾರಿಯಲ್ಲಿ ತಳಕು ಎಂಬ ಊರು ಬಂತು. ಬಸ್ಸು ನಿಂತು ಹೊರಟ ಮೇಲೆ ಅವ್ವನೇ ಮಾತು ತೆಗೆದಳು.

"ದೀಪದ ಮುಂದೆ ಸುಳ್ಳಾಡಿದ್ಯಲ್ಲ. ಬಿಟ್ಟೀನಿ ಅನ್ನಾಕೆ ನೀನು ಕುಡಿದಿದ್ದು ಯಾವಾಗ?"

"ನಿನ್ನೆ" ಎಂದ ಅಪ್ಪ.

ಅವ್ವ ತಿರುಗಿ ನೋಡಿದಳು.

"ಇವತ್ತು ಆಣೆ ಮಾಡಿಸ್ತಾರೆ ಅಂತ ನಿನ್ನೆ ಹೇಳಿದ್ರು. ಕುಡೀದೇ ಬಿಟ್ಟೀನಿ ಅಂದ್ರೆ ಸುಳ್ಳಾಗ್ತದೆ. ಕುಡಿದಿಲ್ಲ ಅಂದ್ರೆ ಆ ಹುಡುಗೀದು ಸುಳ್ಳಾಗ್ತದೆ. ಟೈಲರ್ ಹತ್ರ ಒಂದು ಸಾರಾಯಿ ಪ್ಯಾಕೆಟ್ ಇತ್ತು. ನೀರಿನ ತೊಟ್ಟಿ ಹಿಂದೆ ಬಚ್ಚಿಟ್ಟಿದ್ದ. ಒಂದು ಗುಟುಕು ಈಸ್ಕಂಡೆ."

"ಒಂದು ಗುಟುಕು ಸಾಕಾ, ಬಿಟ್ಟೆ ಅನ್ನಾಕೆ?"

"ಸಾಕು ಅಂದ ಟೈಲರ್."

"ಆಮ್ಯಾಲೆ?"

"ವಾಂತಿ ಆಯ್ತು. ಬಿಟ್ಟೆ."

ಅವ್ವ ಕಿಟಕಿಯತ್ತ ತಿರುಗಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಮುಂದಕ್ಕೆ ಬಾಗಿ ನೋಡಿದರೆ, ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ನಗುತ್ತಿದ್ದಳು.

ಪದ್ಮಳಿಗೆ ಸೋಮವಾರ ಹಾಸ್ಟೆಲ್ಲಿನಲ್ಲಿ ಇದನ್ನು ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, "ಹಂಗಾದ್ರೆ ಈಗ ನಾನು ಬರೆದಿದ್ದು ನಿಜಾನೇ ಆಯ್ತಲ್ಲ" ಎಂದು ನಿಟ್ಟುಸಿರು ಬಿಟ್ಟಳು. ಅವಳಿಗೆ ಪ್ರಥಮ ದರ್ಜೆ ಬಂತು. ಈಗ ಯಾವುದೋ ಇಲಾಖೆಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ, ಯೋಗ್ಯಳೇ.

ಊರಲ್ಲಿ ಅಪ್ಪನ ಸ್ಥಾನ ಬದಲಾಯಿತು. ಕುಡಿಯದ ತಿಪ್ಪೇಸ್ವಾಮಿ ಮಂಡಿಯ ನೂರಾರು ಹಮಾಲಿಗಳಲ್ಲಿ ಒಬ್ಬನಾಗಿದ್ದ. ಕುಡಿತ ಬಿಟ್ಟ ತಿಪ್ಪೇಸ್ವಾಮಿಗೆ ಮಂಡಿಯ ಸೇಟು ಎದ್ದು ನಿಂತು ನಮಸ್ಕಾರ ಹೇಳಿದರು. ಚಹದಂಗಡಿಯವನು ಬೆಂಚಿನ ತುದಿ ಒರೆಸಿಕೊಟ್ಟ. ಒಂದು ಸಂಜೆ ಜತೆಯ ಹಮಾಲಿ ಬಸಣ್ಣನನ್ನು ಅವನ ಹೆಂಡತಿ ರಟ್ಟೆ ಹಿಡಿದು ನಮ್ಮ ಮನೆಗೇ ಕರೆತಂದಳು. ಬಸಣ್ಣ ಆಗಲೇ ಅರ್ಧ ಅಮಲಿನಲ್ಲಿದ್ದ.

"ಅಣ್ಣಾ, ನೀ ಹೆಂಗೆ ಬಿಟ್ಟೆ ಅಂತ ಇವನಿಗೊಂದಿಷ್ಟು ಹೇಳು."

ಅಪ್ಪ ಚಾಪೆ ಹಾಸಿ ಬಸಣ್ಣನನ್ನು ಕೂರಿಸಿಕೊಂಡ. ಮುಖ ತೊಳೆದಿದ್ದರೂ ಕಣ್ಣು ಕೆಂಪಾಗೇ ಇತ್ತು. ಸ್ವಲ್ಪ ಯೋಚಿಸಿ, ಒಂದೂ ಸುಳ್ಳು ಬೆರೆಸದೆ, "ಬಸಣ್ಣ, ಮೊದಲ್ನೇ ದಿನ ಬಾಳ ಕಷ್ಟ ಆಗ್ತದಪ್ಪ. ಆಮ್ಯಾಲೆ ಏನೂ ಅನ್ಸಲ್ಲ" ಎಂದ. ಬಸಣ್ಣನ ಹೆಂಡತಿ ಕೈಮುಗಿದಳು.

ಅಡುಗೆ ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತಿದ್ದಳು. ಒಳಗೆ ಹೋದ ನನ್ನನ್ನು ನೋಡಿ, "ಹುಟ್ಟಿದಾಗಿನಿಂದ ಕುಡೀದೇ ಇದ್ದನಲ್ಲ, ಹೆಂಗಿದ್ದೀಯಪ್ಪಾ ಅಂತ ಒಬ್ರಾದ್ರೂ ಕೇಳಾಕೆ ಬಂದಿದ್ರಾ ಈ ಮನೆಗೆ?" ಎಂದಳು. ಆಮೇಲೆ ಬಂದವರಿಗೆ ಟೀ ಮಾಡಲು ಪಾತ್ರೆಗೆ ಇನ್ನೆರಡು ಲೋಟ ನೀರು ಹಾಕಿದಳು.